ಚಲುವೆ ಪುಡಿ

ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ಘಟಪ್ರಭಾ ನದಿಯು ಗೋಕಾಕದ ಸಮೀಪದಲ್ಲಿ ಸುಮಾರು ೫೨ ಮೀಟರು ಎತ್ತರದಿಂದ ಧುಮುಕಿ, ಅಲ್ಲಿಂದ ಮುಂದೆ ಎರೆಭೂಮಿಯ ಬಯಲಿನಲ್ಲಿ ಸಾಗುತ್ತದೆ. ಇಂದಿನ ಮೂಡಲಗಿ ತಾಲ್ಲೂಕಿಗೆ ಸೇರಿದ ಮಸಗುಪ್ಪಿಯೇ ಮೊದಲಾದ ಅನೇಕ ಗ್ರಾಮಗಳು ಈ ಹೊಳೆಯನ್ನು ನಂಬಿ ಬಾಳುತ್ತಿವೆ. ಕಬ್ಬು, ಗೋವಿನಜೋಳಗಳ ಹಸುರೆಲ್ಲ ಹೊಳೆಯ ಕೊಡುಗೆ. ಆದರೆ ಘಟ್ಟದ ಮೇಲೆ ಮಳೆ ಮಿತಿಮೀರಿದ ವರ್ಷ ಅದೇ ಹೊಳೆ ಊರೊಳಗೆ ಬರುತ್ತದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಹಾಗೆ ಬಂದದ್ದನ್ನು ಈ ಸೀಮೆಯ ಜನ ಇನ್ನೂ ಮರೆತಿಲ್ಲ.

ಹೊಳೆ ಏರುವಾಗ ಜನರನ್ನು ಅಂಜಿಸುವುದು ನೀರಿನ ಸೆಳೆತ. ಅದು ಇಳಿದ ಮೇಲೆ ಅಂಜಬೇಕಾದದ್ದು ಕಣ್ಣಿಗೆ ಕಾಣದ ಮತ್ತೊಂದು ಶತ್ರುವಿಗೆ. ತಿಪ್ಪೆ, ಗಟಾರ, ಶೌಚದ ಗುಂಡಿ, ಸತ್ತ ಪ್ರಾಣಿಗಳ ದೇಹ, ಇವೆಲ್ಲವನ್ನೂ ತೊಳೆದುಕೊಂಡು ಬಂದ ನೀರು ಬಾವಿಗಳಲ್ಲಿಯೂ ತೊಟ್ಟಿಗಳಲ್ಲಿಯೂ ಒಡೆದ ನಳಿಗೆಗಳಲ್ಲಿಯೂ ಸೇರಿಕೊಂಡಿರುತ್ತದೆ. ಕಾಲರಾ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆಗಳು ಹೀಗೆಯೇ ಹಬ್ಬುತ್ತವೆ. ಆಗ ಊರಿಗೆ ಬರುವ ಮೊದಲ ಸರಕುಗಳಲ್ಲಿ ಒಂದು, ಮೂಗಿಗೆ ಕಟುವಾಗಿ ಬಡಿಯುವ ಬಿಳಿಯ ಪುಡಿಯ ಚೀಲ. ಬ್ಲೀಚಿಂಗ್ ಪೌಡರ್ ಎಂದು ಎಲ್ಲರೂ ಕರೆಯುವ ಈ ವಸ್ತುವಿಗೆ ನಮ್ಮ ಪುಸ್ತಕಗಳಲ್ಲಿರುವ ಹೆಸರು ಚಲುವೆ ಪುಡಿ. ಇದು ರೋಗಾಣುಗಳನ್ನು ಕೊಲ್ಲುವುದಾದರೂ ಹೇಗೆ? ಕೊಲ್ಲುವ ಶಕ್ತಿಯುಳ್ಳ ವಸ್ತುವನ್ನು ಕುಡಿಯುವ ನೀರಿಗೆ ಬೆರೆಸುವುದು ಹೇಗೆ ಸಾಧ್ಯ? ಈ ಪ್ರಶ್ನೆಗಳನ್ನು ವಿಚಾರಿಸಬೇಕಾದರೆ ಮೊದಲು ಬಟ್ಟೆಯ ವಿಷಯಕ್ಕೆ ಹೋಗಬೇಕಾಗುತ್ತದೆ.

ಮಗ್ಗದಿಂದ ಇಳಿದ ಹತ್ತಿಯ ಬಟ್ಟೆ ಬೆಳ್ಳಗಿರುವುದಿಲ್ಲ. ಅದಕ್ಕೆ ಮಾಸಲು ಹಳದಿಯ ಛಾಯೆ ಇರುತ್ತದೆ. ನಮ್ಮ ಮಡಿವಾಳರು ಸವಳುಮಣ್ಣಿನಲ್ಲಿ ಬಟ್ಟೆಯನ್ನು ನೆನೆಸಿ, ಉಬ್ಬೆಗೆ ಹಾಕಿ, ಬಂಡೆಯ ಮೇಲೆ ಒಗೆದು, ಬಿಸಿಲಿಗೆ ಹರವಿ ಆ ಛಾಯೆಯನ್ನು ತೆಗೆಯುತ್ತಿದ್ದರು. ಯುರೋಪಿನ ದೇಶಗಳಲ್ಲಿ ಬಿಸಿಲು ಕಡಿಮೆಯಾದುದರಿಂದ ಬಟ್ಟೆಗಳನ್ನು ಹುಲ್ಲುಗಾವಲಿನಲ್ಲಿ ತಿಂಗಳುಗಟ್ಟಲೆ ಹರಡಿ, ಹುಳಿಮಜ್ಜಿಗೆಯಲ್ಲಿ ಅದ್ದಿ, ಮತ್ತೆ ಹರಡಿ ಕಾಯುತ್ತಿದ್ದರು. ೧೭೭೪ರಲ್ಲಿ ಸ್ವೀಡನ್ ದೇಶದ ಷೀಲೆ ಎಂಬ ರಸಾಯನ ವಿಜ್ಞಾನಿಯು ಹಳದಿ ಹಸುರು ಬಣ್ಣದ ಒಂದು ಅನಿಲವನ್ನು ತಯಾರಿಸಿದನು. ಅದು ತೇವವಾದ ಎಲೆಗಳ ಮತ್ತು ಹೂಗಳ ಬಣ್ಣವನ್ನು ಅಳಿಸಿಬಿಡುವುದನ್ನು ಅವನು ಗಮನಿಸಿದ್ದನು. ಅದೊಂದು ಮೂಲವಸ್ತು ಎಂದು ಸಾರಿ, ೧೮೧೦ರಲ್ಲಿ ಅದಕ್ಕೆ ಕ್ಲೋರೀನ್ ಎಂಬ ಹೆಸರನ್ನು ಕೊಟ್ಟವನು ಹಂಫ್ರಿ ಡೇವಿ. ಅಷ್ಟರಲ್ಲಾಗಲೇ ಫ್ರಾನ್ಸಿನ ಬರ್ತೊಲೆಯು ಈ ಅನಿಲದಿಂದ ಬಟ್ಟೆಯನ್ನು ಬೆಳ್ಳಗೆ ಮಾಡಬಹುದೆಂದು ತೋರಿಸಿಕೊಟ್ಟಿದ್ದನು. ಆದರೆ ಅನಿಲವನ್ನು ಕಾರ್ಖಾನೆಯಿಂದ ಕಾರ್ಖಾನೆಗೆ ಸಾಗಿಸುವುದು ಕಷ್ಟ. ಅದರ ನಡುವೆ ನಿಂತು ಕೆಲಸ ಮಾಡುವುದಂತೂ ಪ್ರಾಣಕ್ಕೇ ಅಪಾಯ. ೧೭೯೯ರಲ್ಲಿ ಗ್ಲಾಸ್ಗೋ ನಗರದ ಚಾರ್ಲ್ಸ್ ಟೆನೆಂಟ್ ಎಂಬುವನು ಒಣಗಿದ ಅರಳಿದ ಸುಣ್ಣದ ಮೇಲೆ ಕ್ಲೋರೀನನ್ನು ಹಾಯಿಸಿ ಅದನ್ನು ಪುಡಿಯ ರೂಪದಲ್ಲಿ ಸೆರೆಹಿಡಿದು ಹಕ್ಕುಪತ್ರವನ್ನು ಪಡೆದನು. ತಿಂಗಳುಗಳ ಕೆಲಸ ಆಗ ದಿನಗಳಿಗೆ ಇಳಿಯಿತು. ಬಟ್ಟೆಯನ್ನು ಚಲುವೆ ಮಾಡುವ ಪುಡಿ ಚಲುವೆ ಪುಡಿಯಾಯಿತು.

ಸೆರೆಹಿಡಿದುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸುಣ್ಣವು ಕ್ಲೋರೀನನ್ನು ಪೂರ್ಣವಾಗಿ ಪಳಗಿಸಿಲ್ಲ, ಕಟ್ಟಿಹಾಕಿದೆಯಷ್ಟೆ. ಈ ಪುಡಿಯ ಮುಖ್ಯಭಾಗ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಲವಣ. ಅದರೊಂದಿಗೆ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಉಳಿದ ಸುಣ್ಣ ಬೆರೆತಿರುತ್ತವೆ. ತಾಜಾ ಪುಡಿಯಲ್ಲಿ ಕೆಲಸಕ್ಕೆ ಒದಗುವ ಕ್ಲೋರೀನು ತೂಕದಲ್ಲಿ ನೂರಕ್ಕೆ ಸುಮಾರು ೩೩ ಭಾಗ ಇರುತ್ತದೆ. ಗಾಳಿಯಲ್ಲಿರುವ ತೇವ ಮತ್ತು ಇಂಗಾಲದ ಡೈಆಕ್ಸೈಡುಗಳು ಸೋಕಿದರೂ ಸಾಕು, ಕಟ್ಟು ಸಡಿಲವಾಗುತ್ತದೆ. ಚೀಲವನ್ನು ಬಿಚ್ಚಿದೊಡನೆ ಮೂಗಿಗೆ ಬಡಿಯುವ ವಾಸನೆ ಹೀಗೆ ಬಿಡುಗಡೆಯಾದ ಕ್ಲೋರೀನಿನದು.

ಇನ್ನು ಇದರ ಗುಣವನ್ನು ನೋಡೋಣ. ಕಬ್ಬಿಣ ತುಕ್ಕು ಹಿಡಿಯುವುದು, ಕಟ್ಟಿಗೆ ಉರಿಯುವುದು, ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವುದು, ಇವು ಮೂರೂ ಹೊರನೋಟಕ್ಕೆ ಬೇರೆಬೇರೆಯಾದರೂ ಮೂಲದಲ್ಲಿ ಒಂದೇ ಬಗೆಯ ಕ್ರಿಯೆಗಳು. ವಸ್ತುವೊಂದು ಆಮ್ಲಜನಕದೊಂದಿಗೆ ಕೂಡುವುದನ್ನು ಹಿಂದೆ ಉತ್ಕರ್ಷಣ ಎಂದು ಕರೆದರು. ವಸ್ತುವಿನಿಂದ ಎಲೆಕ್ಟ್ರಾನುಗಳು ಕಸಿದುಹೋಗುವುದೇ ಇದರ ತಿರುಳೆಂದು ಅನಂತರ ತಿಳಿಯಿತು. ಹೀಗೆ ಎಲೆಕ್ಟ್ರಾನುಗಳನ್ನು ಕಸಿಯುವ ವಸ್ತು ಉತ್ಕರ್ಷಣಕಾರಿ. ಪಟಾಕಿಯ ಮದ್ದಿನಲ್ಲಿರುವ ಪೆಟ್ಲುಪ್ಪು, ಬೆಂಕಿಕಡ್ಡಿಯ ತುದಿಯಲ್ಲಿರುವ ಪೊಟ್ಯಾಸಿಯಂ ಕ್ಲೋರೇಟು, ಹಿಂದೆ ಬಾವಿಗಳಿಗೆ ಹಾಕುತ್ತಿದ್ದ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟು, ಇವೆಲ್ಲ ಉತ್ಕರ್ಷಣಕಾರಿ ಲವಣಗಳು. ಚಲುವೆ ಪುಡಿಯೂ ಇದೇ ಕುಲಕ್ಕೆ ಸೇರಿದುದು. ಬಣ್ಣದ ಅಣುವಿನಿಂದ ಅದು ಎಲೆಕ್ಟ್ರಾನುಗಳನ್ನು ಕಸಿದಾಗ ಅಣುವಿನ ರಚನೆ ಕೆಟ್ಟು ಬಣ್ಣ ಮಾಯವಾಗುತ್ತದೆ. ಹದ ಮೀರಿದರೆ ಬಣ್ಣದೊಂದಿಗೆ ನೂಲೂ ಸವೆದು, ಬೆಳ್ಳಗಾದ ಧೋತರವು ಎರಡು ಒಗೆತಕ್ಕೇ ಹರಿಯುತ್ತದೆ.

ನೀರಿಗೆ ಹಾಕಿದಾಗ ಈ ಲವಣದಿಂದ ಹೈಪೋಕ್ಲೋರಸ್ ಆಮ್ಲ ಎಂಬ ದುರ್ಬಲವಾದ ಆಮ್ಲ ಉಂಟಾಗುತ್ತದೆ. ಅದರ ಅಣುವಿಗೆ ವಿದ್ಯುದಾವೇಶವಿಲ್ಲದುದರಿಂದ ರೋಗಾಣುವಿನ ಹೊರಪೊರೆಯನ್ನು ಸುಲಭವಾಗಿ ದಾಟಿ ಒಳಗೆ ಹೋಗಿ, ಜೀವವ್ಯಾಪಾರವನ್ನು ನಡೆಸುವ ಕಿಣ್ವಗಳನ್ನು ಹಾಳುಮಾಡುತ್ತದೆ. ರೋಗಾಣುವಿನ ದೇಹ ಅತಿ ಚಿಕ್ಕದು. ಲಕ್ಷ ಲಕ್ಷ ಹನಿಗಳಲ್ಲಿ ಒಂದು ಹನಿಯಷ್ಟು ಕ್ಲೋರೀನಿದ್ದರೂ ಅದು ತಾಳಲಾರದು. ಮನುಷ್ಯನ ದೇಹವೋ ಅಷ್ಟು ಅಲ್ಪ ಪ್ರಮಾಣವನ್ನು ಹಾನಿಯಿಲ್ಲದೆ ಅರಗಿಸಿಕೊಳ್ಳುತ್ತದೆ. ಕುಡಿಯುವ ನೀರಿಗೆ ಇದನ್ನು ಬೆರೆಸಲು ಸಾಧ್ಯವಾಗಿರುವುದು ಈ ಒಂದು ಅಂತರದಿಂದ ಮಾತ್ರ. ಅಂತರ ಇರುವುದು ವಸ್ತುವಿನಲ್ಲಲ್ಲ, ಅಳತೆಯಲ್ಲಿ.

ಈ ಪುಡಿಯ ಶಕ್ತಿಯನ್ನು ರೋಗನಿವಾರಣೆಗೆ ಬಳಸಿದವರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮ್ಮೆಲ್ವೈಸ್ ಮೊದಲಿಗರಲ್ಲೊಬ್ಬನು. ರೋಗಾಣುಗಳ ತತ್ತ್ವವೇ ಇನ್ನೂ ಸ್ಥಾಪಿತವಾಗಿರದ ಕಾಲದಲ್ಲಿ, ೧೮೪೭ರ ಮೇ ತಿಂಗಳಿನಲ್ಲಿ, ಹೆರಿಗೆಯ ವಾರ್ಡಿಗೆ ಹೋಗುವ ಮುನ್ನ ವೈದ್ಯರೆಲ್ಲ ಈ ಪುಡಿಯ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಅವನು ನಿಯಮ ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಬಾಣಂತಿಯರ ಸಾವು ಜೂನಿನ ವೇಳೆಗೆ ನೂರಕ್ಕೆ ಎರಡರ ಹತ್ತಿರಕ್ಕೆ ಇಳಿಯಿತು. ೧೮೮೪ರಲ್ಲಿ ಕಲ್ಕತ್ತೆಯ ಕೆರೆಯ ನೀರಿನಲ್ಲಿ ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ ಗುರುತಿಸಿದ ಮೇಲೆ ಕುಡಿಯುವ ನೀರಿನ ಕಡೆಗೆ ಎಲ್ಲರ ಗಮನವೂ ತಿರುಗಿತು. ೧೮೯೭ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ ವಿಷಮಶೀತಜ್ವರ ಹಬ್ಬಿದಾಗ ನೀರಿನ ಕೊಳವೆಗಳನ್ನು ಈ ಪುಡಿಯಿಂದ ಶುದ್ಧಿಗೊಳಿಸಿದರು. ೧೯೦೮ರಲ್ಲಿ ಅಮೆರಿಕದ ಜರ್ಸಿ ನಗರ ತನ್ನ ನೀರಿಗೆಲ್ಲ ನಿತ್ಯವೂ ಇದನ್ನು ಬೆರೆಸತೊಡಗಿತು.

ನಮ್ಮ ಹಳ್ಳಿಯ ಬಾವಿಗೆ ಎಷ್ಟು ಪುಡಿ ಬೇಕು? ಇದನ್ನು ಲೆಕ್ಕ ಹಾಕಲು ಏಳನೆಯ ತರಗತಿಯ ಗಣಿತ ಸಾಕು. ದುಂಡನೆಯ ಬಾವಿಯ ವ್ಯಾಸ ೩ ಮೀಟರು, ನೀರಿನ ಆಳ ೪ ಮೀಟರು ಎಂದಿಟ್ಟುಕೊಳ್ಳೋಣ. ವ್ಯಾಸದ ವರ್ಗವನ್ನು ೩.೧೪ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ, ಆಳದಿಂದ ಗುಣಿಸಿದರೆ ೨೮.೨೬ ಘನಮೀಟರು, ಅಂದರೆ ೨೮,೨೬೦ ಲೀಟರು ನೀರು. ಸಾಧಾರಣ ಸ್ಥಿತಿಯಲ್ಲಿ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿ ಬೇಕಾಗುತ್ತದೆ. ಆ ಲೆಕ್ಕದಂತೆ ಇಡೀ ಬಾವಿಗೆ ಬೇಕಾದದ್ದು ಸುಮಾರು ೭೦ ಗ್ರಾಂ ಮಾತ್ರ! ಒಂದು ಹಿಡಿಯಷ್ಟು ಪುಡಿ ಇಡೀ ಓಣಿಯ ನೀರನ್ನು ಕಾಯುತ್ತದೆ ಎಂದರೆ ಅದರ ಶಕ್ತಿಯನ್ನು ಊಹಿಸಬಹುದು.

ಹಾಗೆಂದು ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಬಕೆಟ್ಟು ಮುಕ್ಕಾಲು ತುಂಬುವಂತೆ ನೀರು ಸೇರಿಸಿ ಕದಡಬೇಕು. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಿಂದ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಜಗ್ಗಿ ಬೆರೆಸಬೇಕು. ತಳದ ಸುಣ್ಣವು ಬಾವಿಗೆ ಬಿದ್ದರೆ ನೀರಿನ ಗಡಸುತನ ಹೆಚ್ಚುತ್ತದೆ. ಕೆಲಸ ಮುಗಿದ ಮೇಲೆ ಕಡಿಮೆಯೆಂದರೆ ಒಂದು ಗಂಟೆಯ ಕಾಲ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಇನ್ನೂ ಮೇಲು. ನೀರು ದಿನವೂ ಹೊಸದಾಗಿ ಊರುವ ಬಾವಿಗಳಿಗಾಗಿ, ಪುಡಿಯನ್ನೂ ಮರಳನ್ನೂ ಬೆರೆಸಿ ತುಂಬಿದ ತೂತಿನ ಗಡಿಗೆಯನ್ನು ಇನ್ನೊಂದು ಗಡಿಗೆಯೊಳಗಿಟ್ಟು ನೀರಿನಲ್ಲಿ ತೂಗಬಿಡುವ ವಿಧಾನವನ್ನು ನಾಗಪುರದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದರು. ಕುಂಬಾರನ ಎರಡು ಗಡಿಗೆಗಳು ಎರಡು ಮೂರು ವಾರ ಯಂತ್ರದಂತೆ ದುಡಿಯುತ್ತವೆ.

ನೆರೆಯ ನೀರು ಹೊಕ್ಕ ಬಾವಿಗೆ ಈ ಲೆಕ್ಕ ಸಾಲದು. ಉತ್ಕರ್ಷಣಕಾರಿಗೆ ರೋಗಾಣುವೂ ಒಂದೇ, ಕೊಳೆತ ಎಲೆಯೂ ಒಂದೇ. ಕೆಸರು, ಕಸಕಡ್ಡಿ, ಸಗಣಿಗಳು ಇರುವಷ್ಟು ಕಾಲ ಕ್ಲೋರೀನು ಅವುಗಳ ಮೇಲೆಯೇ ವ್ಯಯವಾಗಿ ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ರಾಡಿ ನೀರನ್ನು ತೆಗೆದು, ಹೂಳನ್ನು ಎತ್ತಿ, ಅನಂತರ ಹೆಚ್ಚಿನ ಪ್ರಮಾಣದ ಪುಡಿಯನ್ನು ಹಾಕಿ ಒಂದು ದಿನ ಬಿಟ್ಟು, ಆ ನೀರನ್ನೂ ಹೊರಹಾಕಬೇಕು. ಜಂತುಹುಳುಗಳ ತತ್ತಿಗಳೂ ಕೆಲವು ಏಕಕೋಶಜೀವಿಗಳ ಕೋಶಗಳೂ ಚಲುವೆ ಪುಡಿಗೆ ಬಗ್ಗುವುದಿಲ್ಲ. ಅಂತಹ ಸಂದೇಹವಿರುವಾಗ ನೀರನ್ನು ಕುದಿಸಿಯೇ ಕುಡಿಯಬೇಕು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾಗದು. ಊರಿಗೆ ಅಧಿಕಾರಿಗಳು ಬರುವ ದಿನ ಗಟಾರದ ಎರಡೂ ಅಂಚಿಗೆ ರಂಗೋಲಿಯ ಹಾಗೆ ಬಿಳಿಯ ಗೆರೆ ಎಳೆಯುವುದುಂಟು. ಒಣ ಮಣ್ಣಿನ ಮೇಲೆ ಚೆಲ್ಲಿದ ಪುಡಿಯು ಗಾಳಿಗೂ ಬಿಸಿಲಿಗೂ ತನ್ನ ಸತ್ವವನ್ನು ಕಳೆದುಕೊಳ್ಳುತ್ತದೆ. ಮಕ್ಕಳ ಕಣ್ಣಿಗೆ ಹಾರುತ್ತದೆ. ನೂರಾರು ಬಾವಿಗಳಿಗೆ ಆಗುವಷ್ಟು ಪುಡಿ ಹೀಗೆ ಒಂದು ಬೀದಿಯ ಅಲಂಕಾರಕ್ಕೆ ಮುಗಿದುಹೋಗುವುದನ್ನು ಕಂಡಾಗ ವ್ಯಥೆಯಾಗುತ್ತದೆ. ೨೦೨೦ರಲ್ಲಿ ಕೋವಿಡ್ ವ್ಯಾಧಿಯ ಭೀತಿಯಲ್ಲಿ ಉತ್ತರಪ್ರದೇಶದ ಬರೇಲಿಯಲ್ಲಿ, ಊರಿಗೆ ಮರಳುತ್ತಿದ್ದ ಕಾರ್ಮಿಕರನ್ನು ರಸ್ತೆಯಲ್ಲಿ ಕೂರಿಸಿ ಇದೇ ಜಾತಿಯ ಸೋಡಿಯಂ ಹೈಪೋಕ್ಲೋರೈಟಿನ ದ್ರಾವಣವನ್ನು ಅವರ ಮೈಮೇಲೆ ಸಿಂಪಡಿಸಿದರು. ನೆಲವನ್ನು ಒರೆಸಲು ಇರುವ ದ್ರಾವಣ ಅದು. ಕಣ್ಣು ಚರ್ಮಗಳಿಗೆ ಅಪಾಯಕಾರಿ. ಮನುಷ್ಯರ ಮೇಲೆ ಇದನ್ನು ಸಿಂಪಡಿಸಕೂಡದೆಂದು ಕೇಂದ್ರದ ಆರೋಗ್ಯ ಇಲಾಖೆ ಅನಂತರ ಸ್ಪಷ್ಟಪಡಿಸಬೇಕಾಯಿತು.

ಚಲುವೆ ಪುಡಿಯ ಅಪಾಯಗಳು ಅದರ ಉಪಯೋಗದಿಂದ ಬೇರೆಯಾದವುಗಳಲ್ಲ. ಯಾವ ಗುಣದಿಂದ ಅದು ರೋಗಾಣುವನ್ನು ಕೊಲ್ಲುತ್ತದೆಯೋ ಅದೇ ಗುಣ ಅಳತೆ ತಪ್ಪಿದಾಗ ನಮ್ಮ ಮೇಲೆ ತಿರುಗುತ್ತದೆ. ಇವುಗಳಲ್ಲಿ ಮೊದಲನೆಯದು, ಎಲ್ಲ ಮನೆಗಳಲ್ಲಿಯೂ ಸಂಭವಿಸಬಹುದಾದುದು, ಆಮ್ಲದೊಂದಿಗೆ ಇದನ್ನು ಬೆರೆಸುವುದು. ಶೌಚಾಲಯವನ್ನು ತೊಳೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಒಂದರಿಂದ ಹೋಗದ ಕೊಳೆ ಎರಡರಿಂದ ಹೋದೀತೆಂದು ಆ ದ್ರವದ ಮೇಲೆ ಈ ಪುಡಿಯನ್ನು ಉದುರಿಸಿದರೆ, ಸುಣ್ಣ ಕಟ್ಟಿಹಾಕಿದ್ದ ಕ್ಲೋರೀನೆಲ್ಲ ಒಮ್ಮೆಗೇ ಹೊರಬೀಳುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನು ಸುಡಲು ಕೆಲವು ಉಸಿರು ಸಾಕು. ೧೯೧೫ರ ಏಪ್ರಿಲ್ ೨೨ರಂದು ಬೆಲ್ಜಿಯಂ ದೇಶದ ಈಪರ್ ಬಳಿಯ ರಣರಂಗದಲ್ಲಿ ಜರ್ಮನ್ ಸೇನೆ ಗಾಳಿಗೆ ತೂರಿಬಿಟ್ಟು ಸಾವಿರಾರು ಸೈನಿಕರನ್ನು ನರಳಿಸಿದ ವಿಷವಾಯು ಬೇರೆ ಯಾವುದೂ ಅಲ್ಲ, ಈ ಕ್ಲೋರೀನೇ. ಅಮೋನಿಯಾ ಇರುವ ದ್ರವಗಳೊಡನೆಯೂ ಯೂರಿಯಾ ಗೊಬ್ಬರದೊಡನೆಯೂ ಈ ಪುಡಿ ಸೇರಬಾರದು. ಅಲ್ಲಿಯೂ ವಿಷಾನಿಲಗಳು ಹುಟ್ಟುತ್ತವೆ, ಕೆಲವೊಮ್ಮೆ ಸಿಡಿಯುವ ಸಂಯುಕ್ತಗಳೂ ಉಂಟಾಗಬಹುದು.

ಕ್ಲೋರೀನು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಮೇಲಕ್ಕೆ ಏರಿ ಚದುರದೆ ತಗ್ಗಿನಲ್ಲಿ ನಿಲ್ಲುತ್ತದೆ. ಬಾವಿ, ನೀರಿನ ತೊಟ್ಟಿ, ನೆಲಮಾಳಿಗೆಗಳೆಲ್ಲ ಅದಕ್ಕೆ ಬಟ್ಟಲುಗಳಿದ್ದಂತೆ. ಬಾವಿಗೆ ಇಳಿಯುವ ಮೊದಲು ಕಂದೀಲನ್ನು ಇಳಿಬಿಟ್ಟು ನೋಡುವುದು ನಮ್ಮ ಹಿರಿಯರ ಪದ್ಧತಿ. ಅದು ಒಳ್ಳೆಯ ಪದ್ಧತಿಯೇ. ಉಸಿರಾಡುವ ಗಾಳಿ ತೀರ ಕಡಿಮೆಯಾಗಿದ್ದರೆ ದೀಪ ಆರುತ್ತದೆ. ಆದರೆ ಮನುಷ್ಯನಿಗೆ ಕೆಡುಕು ಮಾಡುವಷ್ಟು ಕ್ಲೋರೀನಿದ್ದರೂ ದೀಪ ಆರದೆ ಉರಿಯುತ್ತಲೇ ಇರಬಹುದು. ಆದುದರಿಂದ ಹೂಳೆತ್ತುವ ಕೆಲಸ ಪುಡಿ ಹಾಕುವುದಕ್ಕೆ ಮೊದಲು ಮುಗಿಯಬೇಕು. ಹಾಕಿದ ಮೇಲೆ ಯಾರೂ ಒಳಗೆ ಇಳಿಯಬಾರದು.

ಇನ್ನೊಂದು ಅಪಾಯ ಬೆಂಕಿಯದು. ಚಲುವೆ ಪುಡಿ ತಾನಾಗಿ ಉರಿಯುವ ವಸ್ತುವಲ್ಲ. ಆದರೆ ಉರಿಯುವ ವಸ್ತುವಿಗೆ ಅದು ಆಮ್ಲಜನಕವನ್ನು ಒದಗಿಸುತ್ತದೆ. ಎಣ್ಣೆ, ಡೀಸೆಲ್, ಕಟ್ಟಿಗೆಯ ಹೊಟ್ಟು, ಗೋಣಿತಾಟು ಮುಂತಾದುವುಗಳಿಗೆ ತಗಲಿದಾಗ ಶಾಖ ಹುಟ್ಟಿ, ಬೆಂಕಿಕಡ್ಡಿಯ ಹಂಗಿಲ್ಲದೆಯೇ ಉರಿ ಏಳಬಹುದು. ಬಿಸಿಯಾದಂತೆ ಪುಡಿ ತಾನೇ ವಿಭಜನೆಯಾಗುತ್ತ ಮತ್ತಷ್ಟು ಬಿಸಿಯನ್ನು ಹೊರಗೆಡಹುತ್ತದೆ. ಹಳ್ಳಿಗಳಲ್ಲಿ ಬಳಸುವ ಸಾಧಾರಣ ಪುಡಿಗಿಂತ ಎರಡು ಪಟ್ಟು ಕ್ಲೋರೀನುಳ್ಳ ತೀಕ್ಷ್ಣವಾದ ಹೈಪೋಕ್ಲೋರೈಟಿನಲ್ಲಿ ಈ ಗುಣ ಇನ್ನೂ ಉಗ್ರ. ೧೯೯೮ರ ನವೆಂಬರಿನಲ್ಲಿ ಅಂತಹ ಸರಕನ್ನು ಹೊತ್ತ ಡಿ.ಜಿ. ಹಾರ್ಮನಿ ಎಂಬ ಹಡಗು ಬ್ರೆಜಿಲ್ ದೇಶದ ತೀರದಾಚೆ ಸ್ಫೋಟಗೊಂಡು ಮೂರು ವಾರಗಳ ಕಾಲ ಉರಿಯಿತು. ದೊಡ್ಡ ದೊಡ್ಡ ಪೀಪಾಯಿಗಳನ್ನು ಒತ್ತೊತ್ತಾಗಿ ಪೇರಿಸಿದ್ದುದರಿಂದ ಒಳಗೆ ಹುಟ್ಟಿದ ಶಾಖ ಹೊರಹೋಗಲು ಎಡೆಯಿಲ್ಲದಂತಾದ ಸಂಗತಿ ಮುಂದೆ ನ್ಯಾಯಾಲಯದಲ್ಲಿ ದೀರ್ಘವಾದ ವಿಚಾರಣೆಗೆ ಒಳಗಾಯಿತು.

ಹಡಗಿನ ಮಾತು ಹಳ್ಳಿಗೆ ದೂರವೆನಿಸಬಹುದು. ಆದರೆ ಊರಿನ ದಾಸ್ತಾನು ಕೋಣೆಯ ಒಳಗೆ ಒಮ್ಮೆ ಇಣುಕಿ ನೋಡಿದರೆ, ತಗಡಿನ ಸೂರಿನ ಕೆಳಗೆ ಪುಡಿಯ ಚೀಲ, ಅದಕ್ಕೆ ಒರಗಿದ ಡೀಸೆಲ್ ಡಬ್ಬಿ, ಪಕ್ಕದಲ್ಲಿ ಆಮ್ಲದ ಬಾಟಲಿ, ಮೂಲೆಯಲ್ಲಿ ಯೂರಿಯಾ ಗೊಬ್ಬರ, ಇವೆಲ್ಲ ಒಟ್ಟಿಗೇ ಇರುವುದು ಅಪರೂಪವಲ್ಲ. ಪುಡಿಯನ್ನು ತಂಪಾದ, ಒಣಗಿದ, ಗಾಳಿಯಾಡುವ ಸ್ಥಳದಲ್ಲಿ, ನೆಲಕ್ಕೆ ತಾಗದಂತೆ, ಬೇರೆ ಯಾವುದರ ಸಂಗಡವೂ ಇಡದೆ ಒಂಟಿಯಾಗಿ ಇರಿಸಬೇಕು. ಅಳೆಯುವ ಚಮಚ ಪ್ಲಾಸ್ಟಿಕ್ಕಿನದಾಗಿರಬೇಕು, ಒಣಗಿರಬೇಕು. ಕರಗಿಸುವವರು ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತು, ಮೂಗು ಬಾಯಿಗಳನ್ನು ಮುಚ್ಚಿಕೊಂಡು, ಕೈಗೆ ರಬ್ಬರಿನ ಚೀಲ ತೊಟ್ಟಿರಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ, ಹದಿನೈದು ನಿಮಿಷ ಶುದ್ಧವಾದ ನೀರನ್ನು ಎರೆಯುತ್ತಲೇ ಇದ್ದು ವೈದ್ಯರ ಬಳಿಗೆ ಹೋಗಬೇಕು. ದಿನವೂ ಬೆಳಗಿನ ಜಾವ ತೊಟ್ಟಿಯ ಏಣಿಯನ್ನು ಹತ್ತಿ ಈ ಪುಡಿಯನ್ನು ಕದಡುವ ನೀರುಗಂಟಿಯ ಉಸಿರಿಗೂ ಬೆಲೆಯುಂಟೆಂಬುದನ್ನು ನಾವು ಎಷ್ಟೋ ವೇಳೆ ಮರೆಯುತ್ತೇವೆ.

ಸರಿಯಾಗಿ ಇಡದ ಪುಡಿಯಿಂದ ಮತ್ತೊಂದು ಕೇಡು ಉಂಟು. ಅದು ಸದ್ದಿಲ್ಲದುದು. ತೇವಕ್ಕೆ, ಬಿಸಿಲಿಗೆ ಸಿಕ್ಕಿದ ಪುಡಿ ತಿಂಗಳು ತಿಂಗಳಿಗೂ ಕ್ಲೋರೀನನ್ನು ಕಳೆದುಕೊಂಡು ಕೊನೆಗೆ ಬರಿಯ ಸುಣ್ಣವಾಗಿ ಉಳಿಯುತ್ತದೆ. ಬಣ್ಣ ಅದೇ, ಚೀಲ ಅದೇ, ತೂಕವೂ ಹೆಚ್ಚುಕಡಿಮೆ ಅದೇ. ನೀರುಗಂಟಿ ಲೆಕ್ಕದಂತೆ ಹಾಕುತ್ತಾನೆ, ಪುಸ್ತಕದಲ್ಲಿ ಬರೆಯುತ್ತಾನೆ, ನೀರು ಮಾತ್ರ ಶುದ್ಧವಾಗಿರುವುದಿಲ್ಲ. ಇದನ್ನು ತಿಳಿಯಲು ಇರುವ ಉಪಾಯ ಪರೀಕ್ಷೆಯೊಂದೇ. ನಳದ ನೀರನ್ನು ಚಿಕ್ಕ ಗಾಜಿನ ನಳಿಕೆಯಲ್ಲಿ ಹಿಡಿದು ಆರ್ಥೊಟಾಲಿಡಿನ್ ಎಂಬ ದ್ರಾವಣದ ಹನಿಗಳನ್ನು ಹಾಕಿದರೆ, ಕ್ಲೋರೀನು ಉಳಿದಿರುವ ನೀರು ಹಳದಿಯಾಗುತ್ತದೆ. ಈಚಿನ ಪರೀಕ್ಷಾ ಪೆಟ್ಟಿಗೆಗಳಲ್ಲಿ ಬಳಸುವ ಬೇರೊಂದು ವಸ್ತುವಿನಿಂದ ನಸುಗೆಂಪು ಬಣ್ಣ ಬರುತ್ತದೆ. ಮನೆಗೆ ತಲಪುವ ನೀರಿನಲ್ಲಿ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಕ್ಲೋರೀನು ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹೀಗೆ ಉಳಿದ ಅಂಶ ದಾರಿಯಲ್ಲಿ ಸೇರಬಹುದಾದ ಮಲಿನತೆಯನ್ನು ಎದುರಿಸುವ ಕಾವಲುಗಾರ.

ದಾರಿಯಲ್ಲಿ ಏನಾಗಬಹುದೆಂಬುದನ್ನು ಬೆಳಗಾವಿ ಜಿಲ್ಲೆಯೇ ಕಂಡಿದೆ. ೨೦೨೨ರ ಅಕ್ಟೋಬರಿನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ವಾಂತಿಭೇದಿಗೆ ಈಡಾದರು, ಸಾವುಗಳೂ ಸಂಭವಿಸಿದವು. ಮರುವರ್ಷ ಆಗಸ್ಟ್ ತಿಂಗಳ ವೇಳೆಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಅಂತಹುದೇ ದುರಂತ ನಡೆಯಿತು. ಇವೆರಡೂ ಕಳೆದ ಶತಮಾನದ ಕಥೆಗಳಲ್ಲ.

ಆದುದರಿಂದ ಪರೀಕ್ಷೆಯನ್ನು ತೊಟ್ಟಿಯ ಬುಡದಲ್ಲಿ ಮಾಡಿದರೆ ಸಾಲದು. ಕೊಳವೆಯ ಕಟ್ಟಕಡೆಯಲ್ಲಿರುವ ಮನೆಯಲ್ಲಿ ಮಾಡಬೇಕು. ಅಲ್ಲಿ ನಳಿಕೆಯ ನೀರು ತಿಳಿಹಳದಿಗೆ ತಿರುಗಿದರೆ ಬೆಳಗಿನ ಕೊಡಗಳನ್ನು ತುಂಬಿಕೊಳ್ಳಬಹುದು. ಬಣ್ಣ ಬರದಿದ್ದರೆ ಮೊದಲು ಪುಡಿಯ ಚೀಲದ ಮೇಲಿನ ತಾರೀಖನ್ನು ನೋಡಬೇಕು; ಅದು ಹೊಸದಾಗಿದ್ದರೆ, ಗಟಾರವನ್ನು ದಾಟುವ ಕಡೆಯಲ್ಲೆಲ್ಲ ಕೊಳವೆಯನ್ನು ಅಗೆದು ನೋಡಬೇಕು.